ನಿಧಿ ನಿಕ್ಷೇಪ ಸಹಿತ

ಮೊದಲು ಎದ್ದಿದ್ದು ಟಚ್‌ಪ್ಯಾಡು.
ಹಂಚಿನ ಮ್ಯಾಲ ರೊಟ್ಟಿ ಉಬ್ಬಿದಂಗ
ಮೆಲ್ಲಗ, ಒಂದು ಮಗ್ಗಲದಿಂದ.
ಜಮಖಂಡಿ ಕೋರ್ಟಿನ ಹೊರಗ, ಬೇವಿನ ಗಿಡದ ಬುಡಕ
ನನ್ನ ಟೇಬಲ್ಲು, ನನ್ನ ಲ್ಯಾಪ್‌ಟಾಪು, ಏಪ್ರಿಲ್ ಬಿಸಿಲು.
ಎದುರಿಗೆ ವಾಟ್ನಿ ಪತ್ರಕ್ಕ ಕುಂತ ಮೂರು ಮಂದಿ ಅಣ್ತಮ್ಮರು.
"ಅಕ್ಕಾರ, ಇದು ಬಸರಾದಂಗ ಕಾಣತೈತಿ" ಅಂದ ಸಣ್ಣಾವ.
ನಕ್ಕೆ. ನಗೂವಂಥಾದ್ದಲ್ಲ ಅದು.

ಕಂಪನಿಗೆ ಫೋನ್ ಹಚ್ಚಿದೆ.
ಹುಬ್ಬಳ್ಳಿಗೆ ತರ್ರಿ, ಹದಿನೈದು ದಿನ, ಹನ್ನೊಂದು ಸಾವಿರ,
ಒಳಗಿಂದು ಹೋದರ ನಾವು ಜವಾಬ್ದಾರಲ್ಲ.
ಒಳಗ ಇರೂದು
ನಾಕು ಊರ ಹೊಲದ ಚಕ್ಕುಬಂದಿ.

ಅದಕ್ಕ ರಾತ್ರಿ, ಪರಾತ ಬೋರಲು ಹಾಕಿ
ಅದರ ಮ್ಯಾಲ ಮಲಗಿಸಿದೆ.
ಹತ್ತು ಸ್ಕ್ರೂ. ಹಣಕಿ ನೋಡಿದರ
ಪ್ಲಸ್ ಅಲ್ಲ, ಮೈನಸ್ ಅಲ್ಲ,
ಐದು ಎಸಳಿನ ಹೂವು.
ಮರುದಿನ ಬಜಾರದಾಗ ಮೂರೂ ಹಾರ್ಡ್‌ವೇರ್ ಅಂಗಡಿ ತಿರುಗಿದೆ.
"ಅಂಥಾದ್ದಿಲ್ರಿ, ಆರು ಮೂಲಿದು ಐತಿ" ಅಂದ್ರು.
ಅದು ಟ್ರ್ಯಾಕ್ಟರಿಂದು, ನನ್ನ ಬೆರಳಿನಷ್ಟು ದಪ್ಪ.

ಹೊಲಿಗಿ ಮಷೀನ್ ರಿಪೇರಿ ದಾವಲಸಾಬ ಕಾಕಾ
ಕನ್ನಡಕ ಹಣಿಗೇರಿಸಿ, ಭೂತಗನ್ನಡಿ ಇಳಿಸಿ
ಆ ಹೂವು ನೋಡಿದ. ಮಾತಾಡಲಿಲ್ಲ.
ಮುರಿದ ಸೂಜಿ ಒಂದನ್ನ ಇಕ್ಕಳದಾಗ ಹಿಡಿದು
ಸಾಣಿಕಲ್ಲಿಗೆ ತಿಕ್ಕಿದ, ಆಜಾನ್ ಆಗೂತನಕ.
ನಾಲ್ಕನೇ ಸೂಜಿಗೆ ಐದು ಮೂಲಿ ಬಂದುವು.
"ತಗೀಬಾರದು ಅಂತನ ಮಾಡಿದ ಮೊಳಿ ಇದು.
ಮಾಡಿದಾವಗ ನಂದು ಅಂಜಿಕಿ ಐತಿ" ಅಂದ.
ರೊಕ್ಕ ತಗೊಳ್ಳಲಿಲ್ಲ. ಮುರಿದ ಸೂಜಿಗೆ ಎಂಥಾ ರೊಕ್ಕ.

ನಾ ದಿನಾ ಬಡಿಯೋ ಖರೀದಿ ಪತ್ರದಾಗ ಒಂದು ಸಾಲು:
ಜಲ ತರು ಪಾಷಾಣ ನಿಧಿ ನಿಕ್ಷೇಪ ಸಹಿತ.
ಬಾವಿ ನೀರು, ಬದುವಿನ ಬನ್ನಿ,
ಯಾರೂ ನೋಡದ, ಹುಗಿದಿಟ್ಟ ಗಡಿಗಿ ಕೂಡ
ಕೊಂಡಾವಂದು.
ನಾ ಓದತೀನಿ, ಅವರು ಹೆಬ್ಬಟ್ಟು ಒತ್ತತಾರ.
ನಲವತ್ತೆರಡು ಸಾವಿರದ ನನ್ನ ಪಾವತಿ ತಗದು ಓದಿದೆ.
ಪಾಷಾಣದ ಮಾತೇ ಇಲ್ಲ.

ಸ್ಕ್ರೂ ಒಂದು ಉದ್ದ, ಒಂದು ಗಿಡ್ಡ,
ಅದಲಿ ಬದಲಿ ಆದರ ಬೋರ್ಡಿಗೇ ತೂತು.
ಕೆಟ್ಟ ಸ್ಟಾಂಪ್ ಪೇಪರಿನ ಹಿಂದ ನಕಾಶಿ ತಗದು
ತೂತು ಇದ್ದಲ್ಲೇ ಆಯಾ ಸ್ಕ್ರೂ ಚುಚ್ಚಿದೆ.
ಪೂರ್ವಕ್ಕ ಫ್ಯಾನು, ಪಶ್ಚಿಮಕ್ಕ ಸ್ಪೀಕರು,
ಉತ್ತರಕ್ಕ ಬಿಜಾಗರಿ,
ದಕ್ಷಿಣಕ್ಕ, ಕರೇ ಅಂಟಿನಾಗ ಕಾಲೂರಿ, ಬ್ಯಾಟರಿ.

ಚಾಕು ಹಾಕಂಗಿಲ್ಲ. ಚುಚ್ಚಿದರ ಬೆಂಕಿ.
ಇಳಕಲ್ ಸೀರಿ ಸೆರಗಿನ ರೇಷ್ಮಿ ಎಳಿ ಹೊಸೆದು
ಕೆಳಗ ತೂರಿಸಿ ಗರಗಸ ಎಳದಂಗ ಎಳದೆ,
ಆ ಕಡೆ, ಈ ಕಡೆ,
ಉಸುಕಿನ ಬುಟ್ಟಿ ಬಾಜೂಕ.
ಮಗಳು ಶಿವಗಂಗಾ ಟಾರ್ಚ್ ಹಿಡಿದು ತೂಕಡಿಸತಿತ್ತು,
ಬೆಳಕು ಜೋಲಿ ಹೊಡೆದಾಗೊಮ್ಮೆ ಬೈದೆ.
ಬಂತು.
ಬರೂಮುಂದ ಒಂದು ರಿಬ್ಬನ್ನಿನ ಕೊಂಡಿ,
ಅಕ್ಕಿ ನುಚ್ಚಿಗಿಂತ ಸಣ್ಣದು, ಚಟ್ ಅಂತು.
ಚಾಪಿ ಜಾಡಿಸಿದಿವಿ, ಕಸ ಜರಡಿ ಹಿಡಿದಿವಿ,
ಸಿಕ್ಕಿದ್ದು ಒಂದು ಸಾಸಿವಿ.

ಮೆಮರಿನೂ ಹೆಚ್ಚು ಮಾಡೂಣಂತ ಇದ್ದೆ.
ಅದನ್ನ ಬೋರ್ಡಿಗೇ ಬೆಸೆದು ಬಿಟ್ಟಾರ.
ಹುಟ್ಟಿದಾಗ ಎಷ್ಟೋ ಅಷ್ಟ.
ಮುಚ್ಚಿದೆ.

ಹೊಸ ಬ್ಯಾಟರಿ ಮೀರಜದಿಂದ ಬಂತು, ಬಸ್ ಡ್ರೈವರನ ಕೈಯಾಗ.
ಗುಂಡಿ ಒತ್ತಿದೆ. ಬೆಳಕು.
ಬೆಳಕಿನ ಮ್ಯಾಲ ಒಂದು ಸಾಲು: ಈ ಬ್ಯಾಟರಿಯ ಗುರುತಿಲ್ಲ.
ದಿನಾ ಮುಂಜಾನೆ ಹಂಗ ಅಂತೈತಿ.
ದಿನಾ ಎಸ್ಕೇಪ್ ಒತ್ತತೀನಿ.
ಕೊಂಡಿ ಹೋದ ಟಚ್‌ಪ್ಯಾಡ್ ಸತ್ತೈತಿ,
ಬಾಜೂಕ ಮೌಸು ಬಾಲ ಎಳಕೋತ ಓಡಾಡತೈತಿ.

ನಿನ್ನೆ ಆಚಿ ಟೇಬಲ್ಲಿನ ರುದ್ರಮುನಿ ಬಂದ,
"ಆ ಸೂಜಿ ಒಂದಿನ ಕೊಡತೀರೇನ್ರಿ?"
ಕೊಟ್ಟೆ. ಸ್ಟಾಂಪ್ ಪೇಪರೂ ಕೊಟ್ಟೆ,
ಮೊದಲು ಚಕ್ಕುಬಂದಿ ಬರಕೋ ಅಂದೆ.
ಲ್ಯಾಪ್‌ಟಾಪು ಬೋರಲು ಹಾಕಿ, ತಲಿ ಕೆರಕೊಂಡು ಕೇಳಿದ:
"ಇದರದು ಪೂರ್ವ ಯಾವ ಕಡೀರಿ?"